ಜೋಡಿಯಾಟದ ಯಜಮಾನ: ಕೊಡಗಿನ ರೋಹನ್ ಬೋಪಣ್ಣ

ಭಟ್ಕಳ ತಾಲೂಕಿನ ಮಾವಳ್ಳಿಯ ಕಡಲ ತಡಿಯಲ್ಲಿ ನಿಂತು ನೋಡಿದರೆ, ಮೂರು ದಿಕ್ಕಿಗೆ ನೀರನ್ನೂ ಒಂದು ದಿಕ್ಕಿಗೆ ನೆಲವನ್ನೂ ಉಳ್ಳ ಗುಡ್ಡವೊಂದು ಕಾಣುವುದು. ಮುರುಡೇಶ್ವರನ ಸನ್ನಿಧಿಯಾದ ಈ ಗುಡ್ಡಕ್ಕೆ ಕಂದುಕಗಿರಿಯೆಂದು ಹೆಸರು. ಕಂದುಕವೆಂದರೆ ಚೆಂಡು. ಚೆಂಡಿನ ಹೆಸರಿನ ಗುಡ್ಡದ ಮಗ್ಗುಲಲ್ಲಿ ಬೆಳೆಯುವ ಮಕ್ಕಳಿಗೆ ಚೆಂಡಿನ ಮೇಲೆ ಮೋಹವಿದ್ದರೆ ಅದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

೨೦೨೫ನೆಯ ಇಸವಿಯ ನವೆಂಬರ್ ತಿಂಗಳ ಮೊದಲಲ್ಲಿ ನಾವು ಆ ಊರಿನ ಮನೆಯೊಂದರ ಜಗಲಿಯಲ್ಲಿ ಕುಳಿತಿದ್ದೆವು. ಅಂದಿನ ಪತ್ರಿಕೆಯಲ್ಲಿ, ಕೊಡಗಿನ ಟೆನ್ನಿಸ್ ಆಟಗಾರರಾದ ಶ್ರೀ ರೋಹನ್ ಬೋಪಣ್ಣನವರು ಆಟದಿಂದ ನಿವೃತ್ತರಾದರೆಂಬ ವರ್ತಮಾನವು ಬಂದಿತ್ತು. ಮನೆಯ ಯಜಮಾನರು ಅದನ್ನು ಗಟ್ಟಿಯಾಗಿ ಓದುತ್ತಿರಲು, ಪಕ್ಕದಲ್ಲಿದ್ದ ಅವರ ಮೊಮ್ಮಗನು, “ಅಜ್ಜ, ಇಬ್ಬರು ಕೂಡಿ ಆಡಿ ಗೆದ್ದರೆ ಗೆದ್ದವ ಯಾರು?” ಎಂದು ಕೇಳಿದನು. ಅಜ್ಜನವರು ನಕ್ಕು, “ದೋಣಿಗೆ ಇಬ್ಬರು ಹುಟ್ಟು ಹಾಕಿದರೆ ದಡ ಮುಟ್ಟಿದವ ಯಾರು, ನೀನೇ ಹೇಳು” ಎಂದರು. ಹುಡುಗನು ಅಷ್ಟಕ್ಕೆ ಬಿಡಲಿಲ್ಲ. “ಹಾಗಾದರೆ ಪೇಪರಿನಲ್ಲಿ ಒಬ್ಬನ ಚಿತ್ರ ಮಾತ್ರ ಯಾಕೆ ಹಾಕಿದ್ದಾರೆ?” ಎಂದನು. ಈ ಪ್ರಶ್ನೆಗೆ ಅಜ್ಜನವರಲ್ಲಿಯೂ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇರಲಿಲ್ಲ. ಮನೆಗೆ ಬಂದ ಮೇಲೆ ಅದನ್ನೇ ಯೋಚಿಸುತ್ತ ಹೋದೆವು. ಆ ಯೋಚನೆಯ ಫಲವೇ ಈ ಲೇಖನವು.

ಟೆನ್ನಿಸ್ ಆಟವನ್ನು ಕಾಣದ ವಾಚಕರಿಗೆ ಎರಡು ಮಾತು ಹೇಳುವುದು ಅವಶ್ಯ. ಇದರ ಅಂಗಣವು ೭೮ ಅಡಿ ಉದ್ದವಾಗಿದ್ದು, ನಡುವೆ ಒಂದು ಬಲೆಯು ಅಡ್ಡಲಾಗಿ ಕಟ್ಟಲ್ಪಟ್ಟಿರುವುದು. ನಡುವಿನಲ್ಲಿ ಆ ಬಲೆಯ ಎತ್ತರ ೩ ಅಡಿ. ಒಬ್ಬನಿಗೊಬ್ಬನು ಎದುರಾಗಿ ಆಡುವಾಗ ಅಂಗಣದ ಅಗಲವನ್ನು ೨೭ ಅಡಿಯೆಂದು ಹಿಡಿಯುವರು. ಇಬ್ಬರಿಗಿಬ್ಬರು ಆಡುವಾಗ ಎರಡು ಪಕ್ಕದಲ್ಲಿಯೂ ನಾಲ್ಕೂವರೆ ಅಡಿಯಂತೆ ಸೇರಿಸಿ ೩೬ ಅಡಿ ಮಾಡುವರು. ನೆಲವು ಹೆಚ್ಚಾದುದು ಮೂರನೆಯ ಒಂದು ಪಾಲು ಮಾತ್ರ. ಆಳು ಹೆಚ್ಚಾದುದು ಇಮ್ಮಡಿ. ಆದುದರಿಂದ ಜೋಡಿಯಾಟದಲ್ಲಿ ಖಾಲಿ ಜಾಗವೆಂಬುದೇ ಇರುವುದಿಲ್ಲ. ಓಡುವ ಕಾಲಿಗಿಂತ ನೋಡುವ ಕಣ್ಣಿಗೆ, ತೋಳಿನ ಬಲಕ್ಕಿಂತ ಇಬ್ಬರ ಹೊಂದಾಣಿಕೆಗೆ ಅಲ್ಲಿ ಬೆಲೆ ಹೆಚ್ಚು. ಒಬ್ಬನು ಹಿಂದಿನ ಗೆರೆಯಿಂದ ಚೆಂಡನ್ನು ಮೇಲಕ್ಕೆಸೆದು ಮೊದಲ ಹೊಡೆತವನ್ನು ಹೊಡೆಯುವನು. ಮತ್ತೊಬ್ಬನು ಬಲೆಯ ಹತ್ತಿರ ಬಗ್ಗಿ ನಿಂತು, ಎದುರಾಳಿಗಳಿಗೆ ಕಾಣದಂತೆ ಬೆನ್ನ ಹಿಂದೆ ಬೆರಳುಗಳಿಂದ ಸನ್ನೆ ಮಾಡಿ, ತಾನು ಯಾವ ಕಡೆಗೆ ಹಾರುವೆನೆಂಬುದನ್ನು ತನ್ನ ಜತೆಗಾರನಿಗೆ ತಿಳಿಸುವನು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಚೆಂಡು ಹಿಂದಿರುಗುವುದು. ಆಗ ಇಬ್ಬರ ಮನಸ್ಸೂ ಒಂದಾಗಿದ್ದರೆ ಗೆಲವು. ಒಂದು ಕ್ಷಣ ಬೇರೆಯಾದರೂ ಸೋಲು. ನಮ್ಮ ಯಕ್ಷಗಾನದಲ್ಲಿ ಭಾಗವತನಿಗೂ ಮದ್ದಲೆಯವನಿಗೂ ಇರಬೇಕಾದ ಒಳತಿಳಿವಳಿಕೆಯು ಎಂಥದೋ, ಇದೂ ಅಂಥದೇ.

ಇಷ್ಟು ಸೂಕ್ಷ್ಮವಾದ ವಿದ್ಯೆಗೆ ಲೋಕವು ಸಲ್ಲಿಸಿದ ಮರ್ಯಾದೆಯು ಮಾತ್ರ ಅಷ್ಟಕ್ಕಷ್ಟೇ. ಇಂಗ್ಲೆಂಡಿನ ಡೊಹರ್ಟಿ ಸಹೋದರರು ೧೮೯೭ರಿಂದ ೧೯೦೫ರ ವರೆಗಿನ ಒಂಬತ್ತು ವರ್ಷಗಳಲ್ಲಿ ಎಂಟು ಸಲ ವಿಂಬಲ್ಡನ್ನಿನ ಜೋಡಿಯಾಟವನ್ನು ಗೆದ್ದರು. ಅವರ ತರುವಾಯ ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಎಲಿಜಬೆತ್ ರಯನ್ ಎಂಬ ಮಹಿಳೆಯು ೧೯೧೪ರಿಂದ ೧೯೩೪ರ ವರೆಗೆ ವಿಂಬಲ್ಡನ್ನಿನಲ್ಲಿ ಸ್ತ್ರೀಯರ ಜೋಡಿಯಾಟದಲ್ಲಿ ೧೨, ಸ್ತ್ರೀಪುರುಷರ ಮಿಶ್ರ ಜೋಡಿಯಾಟದಲ್ಲಿ ೭, ಒಟ್ಟು ೧೯ ಪ್ರಶಸ್ತಿಗಳನ್ನು ಸಂಪಾದಿಸಿದಳು. ಫ್ರಾನ್ಸಿನ ಪ್ರಖ್ಯಾತ ಆಟಗಾರ್ತಿ ಸುಜಾನ್ ಲೆಂಗ್ಲೆನಳ ಜತೆಗೂಡಿಯೇ ಆರು ಸಲ ಗೆದ್ದಳು. ಆದರೆ ಒಂಟಿಯಾಟದ ಅಂತಿಮ ಪಂದ್ಯಕ್ಕೆ ೧೯೨೧ರಲ್ಲಿಯೂ ೧೯೩೦ರಲ್ಲಿಯೂ ಬಂದು, ಎರಡು ಸಲವೂ ಸೋತಳು. ಲೆಂಗ್ಲೆನಳ ಹೆಸರನ್ನು ಬಲ್ಲವರು ಇಂದಿಗೂ ಬಹಳ. ರಯನ್ನಳನ್ನು ಬಲ್ಲವರು ವಿರಳ. ೧೯೭೯ನೆಯ ಜುಲೈ ೬ರಂದು ೮೭ ವರ್ಷದ ಆ ವೃದ್ಧೆಯು ವಿಂಬಲ್ಡನ್ನಿನ ಆವರಣದಲ್ಲಿಯೇ ಕುಸಿದುಬಿದ್ದು ಅಂದೇ ತೀರಿಕೊಂಡಳು. ಮರುದಿನವೇ ಬಿಲ್ಲೀ ಜೀನ್ ಕಿಂಗ್ ತನ್ನ ೨೦ನೆಯ ವಿಂಬಲ್ಡನ್ ಪ್ರಶಸ್ತಿಯನ್ನು ಗೆದ್ದು ಅವಳ ಲೆಕ್ಕವನ್ನು ಮೀರಿಸಿದಳು. ತನ್ನ ದಾಖಲೆಯು ಮುರಿದುದನ್ನು ಕಾಣುವ ದುಃಖವನ್ನು ವಿಧಿಯು ಅವಳಿಗೆ ಒಂದೇ ದಿನದ ಅಂತರದಲ್ಲಿ ತಪ್ಪಿಸಿತು.

ಇಂಥ ಜೋಡಿಯಾಟದ ಪರಂಪರೆಯಲ್ಲಿ ಕನ್ನಡ ನಾಡಿನ ಹೆಸರನ್ನು ಬರೆಯಿಸಿದವರು ಬೋಪಣ್ಣನವರು. ೧೯೮೦ನೆಯ ಮಾರ್ಚಿ ೪ರಂದು ಬೆಂಗಳೂರಿನಲ್ಲಿ ಹುಟ್ಟಿದ ಅವರು ಬೆಳೆದುದು ಕೊಡಗಿನಲ್ಲಿ. ತಂದೆಯವರು ಕಾಫಿ ತೋಟದ ಯಜಮಾನರು. ಕೊಡಗೆಂದರೆ ಹಾಕಿಯ ತವರು. ಮನೆಮನೆಯಲ್ಲಿಯೂ ಹಾಕಿಯ ಕೋಲು ಇರತಕ್ಕ ನಾಡು. ಬಾಲಕ ರೋಹನನಿಗೂ ಹಾಕಿ, ಫುಟ್ಬಾಲುಗಳಲ್ಲಿ ಆಸಕ್ತಿಯಿತ್ತು. ಆದರೆ ಮಗನು ತನ್ನೊಬ್ಬನ ಬಲದ ಮೇಲೆ ನಿಲ್ಲುವ ಆಟವನ್ನು ಕಲಿಯಬೇಕೆಂಬುದು ತಂದೆಯವರ ಆಶೆಯಾಗಿತ್ತು. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗನ ಕೈಗೆ ಟೆನ್ನಿಸ್ ರ್ಯಾಕೆಟ್ಟು ಬಂದಿತು. ಒಬ್ಬನೇ ನಿಲ್ಲಲೆಂದು ತಂದೆಯು ಆರಿಸಿಕೊಟ್ಟ ಆಟದಲ್ಲಿ ಮಗನು ಇಬ್ಬರಾಗಿ ನಿಂತು ಕೀರ್ತಿವಂತನಾಗಬೇಕೆಂದು ಬರೆದಿದ್ದಿತು. ಹಿರಿಯರ ಸಂಕಲ್ಪವೊಂದು, ಮಕ್ಕಳ ದಾರಿಯೊಂದು. ಎರಡೂ ಒಳ್ಳೆಯದೇ ಆದ ಉದಾಹರಣೆಗಳಲ್ಲಿ ಇದೂ ಒಂದು.

ಆ ಗುಡ್ಡಗಾಡಿನಲ್ಲಿ ಪಟ್ಟಣದ ಸೌಕರ್ಯಗಳೆಲ್ಲಿಯವು? ತೋಳು ಬಲಿಯಲೆಂದು ಸೌದೆ ಒಡೆದುದನ್ನೂ, ಉಸಿರು ಬಲಿಯಲೆಂದು ಕಾಫಿ ತೋಟಗಳ ನಡುವೆ ಓಡಿದುದನ್ನೂ, ಬಿರುಕುಬಿಟ್ಟ ಅಂಗಣಗಳಲ್ಲಿ ಆಡಿದುದನ್ನೂ ಬೋಪಣ್ಣನವರು ತಮ್ಮ ವಿದಾಯದ ಮಾತುಗಳಲ್ಲಿ ಕೃತಜ್ಞತೆಯಿಂದ ನೆನೆದಿರುವರು. ಮುಂದೆ ಜಗತ್ತಿನ ಆಟಗಾರರು ಅಂಜುತ್ತಿದ್ದ ಅವರ ಮೊದಲ ಹೊಡೆತದ ರಭಸದಲ್ಲಿ ಕೊಡಗಿನ ಕೊಡಲಿಯ ಪಾಲೂ ಇದ್ದಿತೆಂಬುದನ್ನು ನಮ್ಮ ತರುಣರು ಗಮನಿಸತಕ್ಕದ್ದು.

೨೦೦೨ರಲ್ಲಿ ಅವರು ಡೇವಿಸ್ ಕಪ್ಪಿನಲ್ಲಿ ಭಾರತದ ಪರವಾಗಿ ಮೊದಲ ಬಾರಿಗೆ ಆಡಿದರು. ೨೦೦೩ರಲ್ಲಿ ಆಟವನ್ನೇ ವೃತ್ತಿಯಾಗಿ ಕೈಕೊಂಡರು. ದೇಶದೇಶಗಳ ನಡುವಿನ ಈ ಸ್ಪರ್ಧೆಯಲ್ಲಿ ಭಾರತವು ೧೯೨೧ರಷ್ಟು ಹಿಂದೆಯೇ ಕಾಲಿಟ್ಟು, ಆ ವರ್ಷ ಪ್ಯಾರಿಸಿನಲ್ಲಿ ಫ್ರಾನ್ಸನ್ನು ಸೋಲಿಸಿದ್ದಿತು. ಆ ಹಳೆಯ ಮರ್ಯಾದೆಯನ್ನು ಹೊತ್ತ ಬೋಪಣ್ಣನವರು ಒಂಟಿಯಾಟದಲ್ಲಿ ಬಹಳ ಮೇಲಕ್ಕೆ ಏರಲಿಲ್ಲ. ೨೦೦೭ರಲ್ಲಿ ದೊರೆತ ೨೧೩ನೆಯ ಸ್ಥಾನವೇ ಅವರ ಅತ್ಯುಚ್ಚ ಸ್ಥಾನ. ಆದರೂ ದೇಶಕ್ಕೆ ಬೇಕಾದಾಗ ಒಂಟಿಯಾಗಿ ನಿಂತು ಗೆದ್ದ ದಿನವೂ ಒಂದುಂಟು. ೨೦೧೦ರ ಸಪ್ಟೆಂಬರಿನಲ್ಲಿ ಚೆನ್ನೈ ನಗರದಲ್ಲಿ ಬ್ರೆಜಿಲ್ ದೇಶದೊಡನೆ ನಡೆದ ಸ್ಪರ್ಧೆಯಲ್ಲಿ ಭಾರತವು ಮೊದಲೆರಡು ಪಂದ್ಯಗಳನ್ನು ಸೋತಿದ್ದಿತು. ಮುಂದಿನೆರಡನ್ನು ಗೆದ್ದು ಸಮಮಾಡಿಕೊಂಡ ಮೇಲೆ ಐದನೆಯದಾದ ನಿರ್ಣಾಯಕ ಪಂದ್ಯವು ಬೋಪಣ್ಣನವರ ಪಾಲಿಗೆ ಬಂದಿತು. ಅವರು ರಿಕಾರ್ಡೋ ಮೆಲ್ಲೋ ಎಂಬವನನ್ನು ಸೋಲಿಸಿ ದೇಶದ ಮಾನವನ್ನು ಉಳಿಸಿದರು.

ಅದೇ ವರ್ಷವು ಇನ್ನೊಂದು ಕಾರಣದಿಂದಲೂ ಸ್ಮರಣೀಯವಾದುದು. ಆಗ ಅವರ ಜತೆಗಾರರಾಗಿದ್ದವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿಯವರು. ಎರಡು ದೇಶಗಳ ನಡುವಣ ವೈಮನಸ್ಯವನ್ನು ಬಲ್ಲವರಿಗೆ ಈ ಜೋಡಿಯು ಎಷ್ಟು ಅಪರೂಪದ್ದೆಂದು ಹೇಳಬೇಕಾಗಿಲ್ಲ. ಯುದ್ಧವನ್ನು ಬಿಡಿರಿ, ಟೆನ್ನಿಸ್ ಆಡಿರಿ ಎಂಬರ್ಥದ ಮಾತುಗಳನ್ನು ಅಂಗಿಯ ಮೇಲೆ ಬರೆಯಿಸಿಕೊಂಡು ಇಬ್ಬರೂ ಅಂಗಣಕ್ಕಿಳಿದರು. ಆ ವರ್ಷದ ಅಮೆರಿಕೆಯ ಮಹಾಸ್ಪರ್ಧೆಯಲ್ಲಿ ಅಂತಿಮ ಪಂದ್ಯದ ವರೆಗೂ ಬಂದು, ಅಲ್ಲಿ ಬ್ರಯನ್ ಎಂಬ ಅವಳಿ ಸಹೋದರರೊಡನೆ ಎರಡು ಸೆಟ್ಟುಗಳಲ್ಲಿಯೂ ಕೂದಲೆಳೆಯ ಅಂತರದಿಂದ ಸೋತರು. ವಿಶ್ವಸಂಸ್ಥೆಯಲ್ಲಿ ಭಾರತದ ಮತ್ತು ಪಾಕಿಸ್ತಾನದ ಪ್ರತಿನಿಧಿಗಳಾಗಿದ್ದವರಿಬ್ಬರೂ ಆ ಪಂದ್ಯವನ್ನು ನೋಡಲು ಬಂದಿದ್ದರು. ಪ್ರಶಸ್ತಿಯು ಕೈತಪ್ಪಿದರೂ, ಆ ವರ್ಷ ಆರ್ಥರ್ ಆಶ್ ಅವರ ಹೆಸರಿನ ಮಾನವಸೇವಾ ಪುರಸ್ಕಾರವು ಇಬ್ಬರಿಗೂ ಜಂಟಿಯಾಗಿ ದೊರೆಯಿತು. ೨೦೧೧ರಲ್ಲಿ ಇದೇ ಜೋಡಿಯು ಪ್ಯಾರಿಸಿನ ದೊಡ್ಡ ಸ್ಪರ್ಧೆಯೊಂದನ್ನು ಗೆದ್ದಿತು.

ಆದರೆ ಜೋಡಿಯಾಟದವನ ಬಾಳು ಕೂಡಿಕೆ ಅಗಲಿಕೆಗಳ ಬಾಳು. ಒಬ್ಬ ಜತೆಗಾರನಿಗೆ ಪೆಟ್ಟಾಗುವುದು, ಮತ್ತೊಬ್ಬನಿಗೆ ಮನಸ್ಸು ಬದಲಾಗುವುದು, ಮಗುದೊಬ್ಬನು ನಿವೃತ್ತನಾಗುವನು. ಪ್ರತಿ ಸಲವೂ ಹೊಸ ಮನುಷ್ಯನ ಸ್ವಭಾವವನ್ನು ತಿಳಿದು, ಆತನ ಬಲಕ್ಕೆ ತನ್ನ ಬಲವನ್ನು ಹೊಂದಿಸಿ, ಆತನ ಕೊರತೆಯನ್ನು ತನ್ನ ಶ್ರಮದಿಂದ ತುಂಬಬೇಕು. ಮಹೇಶ ಭೂಪತಿಯವರೊಡನೆ ೨೦೧೨ರಲ್ಲಿ ಮತ್ತೆ ಪ್ಯಾರಿಸಿನಲ್ಲಿ ಗೆದ್ದರು. ರುಮೇನಿಯದ ಫ್ಲೋರಿನ್ ಮೆರ್ಜಿಯಾನೊಡನೆ ೨೦೧೫ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಗೆದ್ದರು. ಒಲಿಂಪಿಕ್ ಪದಕವು ಮಾತ್ರ ಒಲಿಯಲಿಲ್ಲ. ೨೦೧೬ರಲ್ಲಿ ರಿಯೋ ನಗರದ ಒಲಿಂಪಿಕ್ಕಿನಲ್ಲಿ ಸಾನಿಯಾ ಮಿರ್ಜಾರವರೊಡನೆ ಮಿಶ್ರ ಜೋಡಿಯಾಟದಲ್ಲಿ ಕಂಚಿನ ಪದಕದ ಪಂದ್ಯದ ವರೆಗೂ ಹೋಗಿ, ನಾಲ್ಕನೆಯವರಾಗಿ ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ನಾಲ್ಕನೆಯ ಸ್ಥಾನದಂಥ ಕಹಿ ಸ್ಥಾನವು ಮತ್ತೊಂದಿಲ್ಲ.

೨೦೧೭ನೆಯ ಜೂನ್ ತಿಂಗಳಲ್ಲಿ, ೩೭ನೆಯ ವಯಸ್ಸಿನಲ್ಲಿ, ಕೆನಡಾ ದೇಶದ ಗೇಬ್ರಿಯೆಲಾ ದಾಬ್ರೋವ್ಸ್ಕಿಯೊಡನೆ ಅವರು ಫ್ರೆಂಚ್ ಮಹಾಸ್ಪರ್ಧೆಯ ಮಿಶ್ರ ಜೋಡಿಯಾಟದ ಅಂತಿಮ ಪಂದ್ಯವನ್ನಾಡಿದರು. ಮೊದಲ ಸೆಟ್ಟನ್ನು ಸೋತು, ಎರಡನೆಯದನ್ನು ಗೆದ್ದು, ಕೊನೆಯ ನಿರ್ಣಾಯಕ ಘಟ್ಟದಲ್ಲಿ ಎರಡು ಸಲ ಸೋಲಿನ ಅಂಚಿಗೆ ಹೋಗಿ ಹಿಂದಿರುಗಿ, ೧೨–೧೦ರಿಂದ ಗೆದ್ದರು. ಲಿಯಾಂಡರ್ ಪೇಸ್, ಭೂಪತಿ, ಸಾನಿಯಾ ಇವರ ತರುವಾಯ ಮಹಾಸ್ಪರ್ಧೆಯ ಪ್ರಶಸ್ತಿಯನ್ನು ಗೆದ್ದ ನಾಲ್ಕನೆಯ ಭಾರತೀಯರೆನಿಸಿದರು. ೨೦೧೮ರಲ್ಲಿ ದಿವಿಜ್ ಶರಣರೊಡನೆ ಏಶಿಯಾದ ಕ್ರೀಡಾಕೂಟದಲ್ಲಿ ಚಿನ್ನದ ಪದಕವೂ, ಅದೇ ವರ್ಷ ಅರ್ಜುನ ಪ್ರಶಸ್ತಿಯೂ ದೊರೆತುವು. ಕಥೆಯು ಇಲ್ಲಿಗೇ ಮುಗಿದಿದ್ದರೂ ಅದು ಮಂಗಳಕರವಾದ ಕಥೆಯೇ ಆಗುತ್ತಿದ್ದಿತು. ಆದರೆ ಮುಗಿಯಲಿಲ್ಲ, ನಮಗೆ ಬೇಕಾದ ಪಾಠವೆಲ್ಲವೂ ಇದರ ಮುಂದಿನ ಭಾಗದಲ್ಲಿಯೇ ಇರುವುದು.

ಇಷ್ಟು ಹೊತ್ತಿಗೆ ಅವರ ಮೊಣಕಾಲುಗಳು ಸವೆದುಹೋಗಿದ್ದುವು. ಎಲುಬಿಗೂ ಎಲುಬಿಗೂ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯು ತೇದು ಇಲ್ಲವಾಗಿ, ದಿನಕ್ಕೆ ಎರಡು ಮೂರು ನೋವಿನ ಗುಳಿಗೆಗಳನ್ನು ನುಂಗಿ ಆಡುವ ಸ್ಥಿತಿ ಬಂದಿತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಆಟಗಳೆಲ್ಲ ನಿಂತಾಗ ಅವರು ಅಯ್ಯಂಗಾರ್ ಪದ್ಧತಿಯ ಯೋಗವನ್ನು ಆಶ್ರಯಿಸಿದರು. ಈ ಪದ್ಧತಿಯನ್ನು ಜಗತ್ತಿಗೆ ಕೊಟ್ಟ ಶ್ರೀ ಬಿ. ಕೆ. ಎಸ್. ಅಯ್ಯಂಗಾರ್ಯರು ೧೯೧೮ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗವನ್ನು ಕಲಿತವರು. ಹಗ್ಗ, ಕುರ್ಚಿ, ಮರದ ದಿಮ್ಮಿಗಳ ಆಸರೆಯಿಂದ ದೇಹವನ್ನು ನಿಧಾನವಾಗಿ ಸರಿಯಾದ ಭಂಗಿಗೆ ತರುವುದು ಇದರ ವಿಶೇಷ. ಕೊಡಗಿನವರ ಮೊಣಕಾಲಿಗೆ ಕೋಲಾರದವರ ವಿದ್ಯೆಯು ಊರುಗೋಲಾಯಿತು. ಮೃದ್ವಸ್ಥಿಯು ಮರಳಿ ಬೆಳೆಯಲಿಲ್ಲ. ಆದರೆ ಸುತ್ತಲಿನ ಸ್ನಾಯುಗಳು ಬಲಗೊಂಡು ಆ ಭಾರವನ್ನು ಹೊತ್ತುವು. ನೋವಿನ ಗುಳಿಗೆಗಳು ಬಿಟ್ಟುಹೋದುವು.

ನೋವು ಇಳಿದರೂ ಗೆಲವು ಬರಲಿಲ್ಲ. ೨೦೨೧ರ ಮೊದಲ ಐದು ತಿಂಗಳು ಒಂದು ಪಂದ್ಯವನ್ನಾದರೂ ಗೆಲ್ಲಲಾಗಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಪೋರ್ಚುಗಲ್ ದೇಶದ ಎಸ್ಟೊರಿಲ್ಲಿನಲ್ಲಿ ಕಡಲನ್ನು ನೋಡುತ್ತ ಕುಳಿತು, ತಾನೇಕೆ ಈ ಆಟವನ್ನು ಇನ್ನೂ ಆಡುತ್ತಿರುವೆನೆಂದು ತಮ್ಮನ್ನು ತಾವೇ ಕೇಳಿಕೊಂಡರಂತೆ. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು. ತಾವು ಸಾವಿರಾರು ಮೈಲಿಗಳಾಚೆಯಲ್ಲಿ, ಸೋಲಿನ ಮೇಲೆ ಸೋಲು. ಇನ್ನು ಸಾಕು ಮಾಡುವೆನೆಂದು ಹೆಂಡತಿಗೆ ಚಿತ್ರಸಂದೇಶವನ್ನೂ ಕಳುಹಿಸಿದರು. ಸಂಸಾರವನ್ನು ಬಿಟ್ಟು ದೂರದ ಊರಿನಲ್ಲಿ ದುಡಿಯುವವರು ನಮ್ಮ ಕರಾವಳಿಯ ಮನೆಮನೆಯಲ್ಲಿಯೂ ಇರುವರು. ಅಪರಿಚಿತ ಕಡಲಿನ ಮುಂದೆ ಕುಳಿತ ಆ ಒಬ್ಬಂಟಿಗನ ಮನಸ್ಸು ಎಂಥದಾಗಿದ್ದಿತೆಂದು ಅವರಿಗೆ ನಾವು ವಿವರಿಸಬೇಕಾಗಿಲ್ಲ.

ಆದರೂ ಬೋಪಣ್ಣನವರು ಬಿಡಲಿಲ್ಲ. ದೇಹವು ನಡೆಯುವಷ್ಟು ದಿನ ನಡೆಯಲಿ ಎಂದು ಆಡುತ್ತ ಹೋದರು. ೨೦೨೨ರಲ್ಲಿ ಗಾಳಿಯು ತಿರುಗಿತು. ೨೦೨೩ರ ಆದಿಯಲ್ಲಿ ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್ ಅವರ ಜತೆಗಾರರಾದರು. ಎಬ್ಡನ್ ಅವರಿಗಿಂತ ಏಳು ವರ್ಷಕ್ಕೆ ಕಿರಿಯರು, ಚುರುಕು ಕಾಲಿನವರು. ಹಿರಿಯರ ಹೊಡೆತ, ಕಿರಿಯರ ಓಟ ಎರಡೂ ಕೂಡಿದುವು. ಆ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯಾದ ಇಂಡಿಯನ್ ವೆಲ್ಸ್ ಎಂಬಲ್ಲಿ ಗೆದ್ದು, ೪೩ನೆಯ ವಯಸ್ಸಿನಲ್ಲಿ, ಆ ದರ್ಜೆಯ ಸ್ಪರ್ಧೆಯನ್ನು ಗೆದ್ದ ಅತ್ಯಂತ ಹಿರಿಯರೆನಿಸಿದರು.

ಆ ವರ್ಷದ ಸಪ್ಟೆಂಬರಿನಲ್ಲಿ, ಹದಿಮೂರು ವರ್ಷಗಳ ತರುವಾಯ, ಮತ್ತೆ ಅಮೆರಿಕೆಯ ಮಹಾಸ್ಪರ್ಧೆಯ ಅಂತಿಮ ಪಂದ್ಯ. ಅದರಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಮಕ್ಕಳಿಗೆ ಹೇಳಲೇಬೇಕು. ಎದುರಾಳಿಗಳು ಹೊಡೆದ ಚೆಂಡು ಗೆರೆಯ ಹೊರಗೆ ಬಿದ್ದಿತು. ಅಂಕವು ಬೋಪಣ್ಣನವರ ಪಕ್ಷಕ್ಕೆ ಬರತಕ್ಕದ್ದು. ಆದರೆ ಹೊರಗೆ ಬೀಳುವ ಮೊದಲು ಅದು ಅವರ ತೋಳನ್ನು ತುಸು ಸೋಂಕಿ ಹೋಗಿತ್ತು. ಮೈಗೆ ತಾಗಿದರೆ ಅಂಕವು ಎದುರಾಳಿಗೆ ಸಲ್ಲುವುದು ಆಟದ ನಿಯಮ. ನಿರ್ಣಾಯಕರು ಕಂಡಿರಲಿಲ್ಲ, ಎದುರಾಳಿಗಳು ಕಂಡಿರಲಿಲ್ಲ. ಬೋಪಣ್ಣನವರು ತಾವಾಗಿ ಮುಂದೆ ಬಂದು, ತಾಗಿತೆಂದು ಹೇಳಿ, ಅಂಕವನ್ನು ಬಿಟ್ಟುಕೊಟ್ಟರು. ನೆರೆದ ಜನರು ಕರತಾಡನ ಮಾಡಿದರು. ಆ ಪಂದ್ಯವನ್ನು ಅವರು ಸೋತರು. ಜೀವಮಾನವೆಲ್ಲ ಕಾದ ಪ್ರಶಸ್ತಿಯು ಕೈಗೆಟಕುವಷ್ಟು ದೂರದಲ್ಲಿದ್ದಾಗ ಈ ಸತ್ಯವನ್ನು ನುಡಿದರೆಂಬುದನ್ನು ನೆನೆದರೆ, ಆ ಸೋಲಿನ ಬೆಲೆಯು ತಿಳಿಯುವುದು.

ಫಲವು ಬಹಳ ದಿನ ತಡೆಯಲಿಲ್ಲ. ೨೦೨೪ನೆಯ ಜನವರಿಯಲ್ಲಿ ಮೆಲ್ಬೋರ್ನಿನ ಆಸ್ಟ್ರೇಲಿಯನ್ ಮಹಾಸ್ಪರ್ಧೆಯ ಉಪಾಂತ್ಯ ಪಂದ್ಯಕ್ಕೆ ಬಂದೊಡನೆ ಜಗತ್ತಿನ ಜೋಡಿಯಾಟಗಾರರಲ್ಲಿ ಮೊದಲನೆಯ ಸ್ಥಾನವು ಅವರಿಗೆ ನಿಶ್ಚಯವಾಯಿತು. ಅಷ್ಟು ದೊಡ್ಡ ವಯಸ್ಸಿನಲ್ಲಿ ಆ ಸ್ಥಾನಕ್ಕೆ ಬಂದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಅದೇ ತಿಂಗಳ ೨೭ರಂದು ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂಡ್ರಿಯಾ ವವಾಸ್ಸೋರಿಯವರನ್ನು ೭–೬, ೭–೫ರಿಂದ ಸೋಲಿಸಿ, ಪುರುಷರ ಜೋಡಿಯಾಟದ ಮಹಾಪ್ರಶಸ್ತಿಯನ್ನು ಮೊದಲ ಬಾರಿಗೆ ಗೆದ್ದರು. ಅದು ಅವರ ೬೧ನೆಯ ಪ್ರಯತ್ನ. ೧೯೬೮ರಲ್ಲಿ ಮಹಾಸ್ಪರ್ಧೆಗಳು ವೃತ್ತಿ ಆಟಗಾರರಿಗೂ ತೆರೆದ ಮೇಲೆ, ೪೩ ದಾಟಿದ ಪುರುಷನೊಬ್ಬನು ಈ ಪ್ರಶಸ್ತಿಯನ್ನು ಗೆದ್ದುದು ಅದೇ ಮೊದಲು. ಅದಕ್ಕೆ ಹಿಂದಿನ ಹಿರಿಯನಾದ ಜಾನ್ ಜೂಲಿಯನ್ ರೋಯರನು ೨೦೨೨ರಲ್ಲಿ ಗೆದ್ದಾಗ ೪೦ ವರ್ಷದವನು. ಗೆದ್ದ ಮೇಲೆ ಮಾತನಾಡುತ್ತ ಅವರು ನೆನೆದುದು, ಹಿಂದೊಮ್ಮೆ ಹೆಂಡತಿಗೆ ಕಳುಹಿಸಿದ್ದ ಆ ಸಂದೇಶವನ್ನು. ಅದೇ ವರ್ಷ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಅನಂತರದ ಕಥೆಯು ಚಿಕ್ಕದು. ೨೦೨೪ರ ಮಾರ್ಚಿಯಲ್ಲಿ ಮಯಾಮಿಯಲ್ಲಿ ಗೆದ್ದು, ೪೪ನೆಯ ವಯಸ್ಸಿನಲ್ಲಿ ಇಂಡಿಯನ್ ವೆಲ್ಸ್‌ನ ತಮ್ಮ ದಾಖಲೆಯನ್ನು ತಾವೇ ಮುರಿದರು. ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ಮೊದಲ ಪಂದ್ಯದಲ್ಲಿಯೇ ಸೋತು ದೇಶದ ಪರವಾಗಿ ಆಡುವುದನ್ನು ನಿಲ್ಲಿಸಿದರು. ೨೦೨೫ನೆಯ ನವೆಂಬರ್ ೧ರಂದು ಪೂರ್ಣ ನಿವೃತ್ತಿಯನ್ನು ಸಾರಿದರು. ಇಪ್ಪತ್ತೆರಡು ವರ್ಷಗಳ ವೃತ್ತಿಯಲ್ಲಿ ದೊರೆತ ಜೋಡಿಯಾಟದ ಬಿರುದುಗಳು ೨೬. ಈಗ ಬೆಂಗಳೂರಿನಲ್ಲಿ ಅವರ ಹೆಸರಿನ ಶಾಲೆಯಲ್ಲಿ ಮಕ್ಕಳು ಟೆನ್ನಿಸನ್ನು ಕಲಿಯುತ್ತಿರುವರು.

ಇನ್ನು ಮಾವಳ್ಳಿಯ ಹುಡುಗನ ಪ್ರಶ್ನೆ. ಇಬ್ಬರು ಕೂಡಿ ಗೆದ್ದರೆ ಗೆದ್ದವ ಯಾರು? ಈ ಚರಿತ್ರೆಯನ್ನು ನೋಡಿದ ಮೇಲೆ ನಮಗೆ ತೋರುವುದಿಷ್ಟೆ. ಒಂಟಿಯಾಟದಲ್ಲಿ ೨೧೩ನೆಯವರಾಗಿ ನಿಂತ ಮನುಷ್ಯರು, ಇನ್ನೊಬ್ಬರ ಪಕ್ಕದಲ್ಲಿ ನಿಂತಾಗ ಜಗತ್ತಿಗೇ ಮೊದಲಿಗರಾದರು. ಆ ಇನ್ನೊಬ್ಬರು ಪಾಕಿಸ್ತಾನದವರಾಗಲಿ, ಕೆನಡಾದವರಾಗಲಿ, ಆಸ್ಟ್ರೇಲಿಯದವರಾಗಲಿ, ತನ್ನ ಬಲವನ್ನು ಅವರ ಬಲಕ್ಕೆ ಕೂಡಿಸುವ ವಿದ್ಯೆಯನ್ನು ಅವರು ಬಲ್ಲವರಾಗಿದ್ದರು. ಒಬ್ಬನಲ್ಲಿ ಇಲ್ಲದುದು ಇಬ್ಬರು ಕೂಡಿದಾಗ ಹುಟ್ಟುವುದೆಂಬುದನ್ನು ಸಂಸಾರಸ್ಥರಾದ ನಮ್ಮ ವಾಚಕರು ತಮ್ಮ ಅನುಭವದಿಂದಲೇ ಬಲ್ಲರು. ಮನೆಯೆಂಬುದೂ ಒಂದು ಜೋಡಿಯಾಟವೇ ಅಲ್ಲವೆ? ಅಲ್ಲಿಯೂ ಬಹಳ ಸಲ ಒಬ್ಬರ ಚಿತ್ರವು ಮಾತ್ರ ಹೊರಗೆ ಕಾಣುವುದು. ಹಿಂದಿನ ಗೆರೆಯಲ್ಲಿ ನಿಂತು ಚೆಂಡನ್ನು ಹಿಂದಿರುಗಿಸುತ್ತಿರುವವರನ್ನು ಪತ್ರಿಕೆಯು ಕಾಣದು.

ಮುಂದಿನ ಸಲ ಮಾವಳ್ಳಿಗೆ ಹೋದಾಗ ಆ ಹುಡುಗನಿಗೆ ಹೀಗೆ ಹೇಳಬೇಕೆಂದಿದ್ದೇವೆ: “ಮಗಾ, ನಿಮ್ಮಜ್ಜ ಹೇಳಿದ್ದೇ ಸರಿ. ದಡ ಮುಟ್ಟಿದ್ದು ದೋಣಿ. ಹುಟ್ಟು ಹಾಕಿದವರಿಬ್ಬರೂ ಅದರೊಳಗೇ ಇದ್ದರು.”